ಔಷಧ ಸಿಂಪಡಿಸುವ ಡ್ರೋನುಗಳ ವೇಗನಿಯಂತ್ರಕಗಳೂ ಅವುಗಳ ಪರೀಕ್ಷೆಯೂ

ಆಕಾಶದಲ್ಲಿ ಹಾರುತ್ತ ಬೆಳೆಗಳಿಗೆ ಔಷಧವನ್ನು ಸಿಂಪಡಿಸುವ ಡ್ರೋನ್ ಎಂಬ ಯಂತ್ರವು ಈಚಿನ ಕೆಲವು ವರ್ಷಗಳಿಂದ ಗ್ರಾಮಗಳಿಗೂ ಬಂದಿರುತ್ತದೆ. 2021ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರದವರ ಡ್ರೋನ್ ನಿಯಮಗಳು ಪ್ರಕಟವಾದುವು. ಅದೇ ವರ್ಷದ ಡಿಸೆಂಬರಿನಲ್ಲಿ, ಕೀಟನಾಶಕಗಳನ್ನು ಈ ಯಂತ್ರಗಳಿಂದ ಸಿಂಪಡಿಸುವಾಗ ಅನುಸರಿಸತಕ್ಕ ಕ್ರಮಗಳನ್ನು ಕೃಷಿ ಮಂತ್ರಾಲಯದವರು ಹೊರಡಿಸಿದರು. 2023ನೆಯ ಇಸವಿ ನವೆಂಬರಿನಲ್ಲಿ, ಮಹಿಳೆಯರ 15,000 ಸ್ವಸಹಾಯ ಸಂಘಗಳಿಗೆ ಬೆಲೆಯಲ್ಲಿ ನೂರಕ್ಕೆ 80 ಭಾಗವನ್ನು, 8 ಲಕ್ಷ ರೂಪಾಯಿಗಳಿಗೆ ಮೀರದಂತೆ, ಸಹಾಯಧನವಾಗಿ ಕೊಟ್ಟು ಡ್ರೋನುಗಳನ್ನು ಒದಗಿಸುವ ಯೋಜನೆಗೆ ಮಂಜೂರಾತಿ ದೊರೆಯಿತು. ಆದಕಾರಣ ಈ ಯಂತ್ರವನ್ನು ಕೊಳ್ಳುವವರೂ ಬಾಡಿಗೆಗೆ ತರಿಸುವವರೂ ಹೆಚ್ಚುತ್ತಿದ್ದಾರೆ. ಕೊಳ್ಳುವಾಗ ತೊಟ್ಟಿಯಲ್ಲಿ ಎಷ್ಟು ಲೀಟರು ಹಿಡಿಯುವುದು, ದಿನಕ್ಕೆ ಎಷ್ಟು ಎಕರೆ ಮುಗಿಯುವುದು, ಸಹಾಯಧನವೆಷ್ಟು ಎಂಬಿವನ್ನು ಎಲ್ಲರೂ ವಿಚಾರಿಸುವರು. ಯಂತ್ರವನ್ನು ಆಕಾಶದಿಂದ ಕೆಡವಬಲ್ಲ ಒಂದು ಚಿಕ್ಕ ಪೆಟ್ಟಿಗೆಯ ವಿಷಯವನ್ನು ವಿಚಾರಿಸುವವರು ಮಾತ್ರ ವಿರಳ. ಆ ಪೆಟ್ಟಿಗೆಯೇ ವೇಗನಿಯಂತ್ರಕ. ರಿಪೇರಿಯವರು ಇದನ್ನು ಇ.ಎಸ್.ಸಿ. ಎಂದು ಕರೆಯುವರು.

ಹತ್ತು ಲೀಟರಿನ ತೊಟ್ಟಿಯುಳ್ಳ ಡ್ರೋನಿಗೆ ಸಾಧಾರಣವಾಗಿ ಆರು ತೋಳುಗಳಿದ್ದು, ಪ್ರತಿಯೊಂದು ತೋಳಿನ ತುದಿಯಲ್ಲಿ ಒಂದು ಮೋಟಾರೂ ಅದರ ಮೇಲೆ ರೆಕ್ಕೆಯೂ ಇರುತ್ತವೆ. ತುಂಬಿದ ತೊಟ್ಟಿಯೊಡನೆ ಯಂತ್ರದ ಭಾರವು ಸುಮಾರು 25 ಕಿಲೋಗ್ರಾಂ. ಎಂದರೆ ಒಂದೊಂದು ಮೋಟಾರು ನಾಲ್ಕು ಕಿಲೋಗ್ರಾಮಿಗೂ ಹೆಚ್ಚು ಭಾರವನ್ನು ಗಾಳಿಯಲ್ಲಿ ಎತ್ತಿ ಹಿಡಿದಿರಬೇಕು. ಬ್ಯಾಟರಿಯಿಂದ ಬರುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯತಕ್ಕದ್ದು. ಮೋಟಾರಿಗಾದರೋ ಮೂರು ತಂತಿಗಳಲ್ಲಿ ಸರದಿಯಂತೆ ಹಿಂದೆಮುಂದೆ ಹರಿಯುವ ವಿದ್ಯುತ್ತು ಬೇಕು. ಈ ಮಾರ್ಪಾಟನ್ನು ಮಾಡುವುದೇ ವೇಗನಿಯಂತ್ರಕದ ಕೆಲಸ. ಅದರೊಳಗೆ ಮಾಸ್ಫೆಟ್ ಎಂಬ ಸಿಲಿಕಾನಿನ ಸ್ವಿಚ್ಚುಗಳು ಆರು ಗುಂಪುಗಳಾಗಿ ಇರುತ್ತವೆ. ಕೆರೆಯ ನೀರನ್ನು ಮೂರು ಕಾಲುವೆಗಳಿಗೆ ಸರದಿಯಂತೆ ಬಿಡುವ ತೂಬುಗಳಿಗೆ ಇವುಗಳನ್ನು ಹೋಲಿಸಬಹುದು. ಪ್ರತಿಯೊಂದು ಕಾಲುವೆಗೂ ನೀರನ್ನು ಒಳಕ್ಕೆ ಬಿಡುವ ತೂಬೊಂದು, ಹೊರಕ್ಕೆ ಬಿಡುವ ತೂಬೊಂದು. 28 ಧ್ರುವಗಳುಳ್ಳ ಮೋಟಾರು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ಸರದಿಯು ಒಂದು ಸೆಕೆಂಡಿಗೆ 4,200 ಸಲ ಬದಲಾಗಬೇಕು. ಒಂದೇ ಕಾಲುವೆಯ ಎರಡು ತೂಬುಗಳೂ ಏಕಕಾಲದಲ್ಲಿ ತೆರೆದುಕೊಂಡರೆ ಬ್ಯಾಟರಿಯ ಸಮಸ್ತ ಶಕ್ತಿಯೂ ಮೋಟಾರಿಗೆ ಹೋಗದೆ ನೇರವಾಗಿ ಪೆಟ್ಟಿಗೆಯೊಳಗೆ ಹರಿದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದನ್ನು ಸುಟ್ಟುಹಾಕುವುದು.

ಈ ಪೆಟ್ಟಿಗೆಗಳು ಮೊದಲು ಬಳಕೆಗೆ ಬಂದುದು ಬೇಸಾಯಕ್ಕಾಗಿ ಅಲ್ಲ. ಆಟದ ವಿಮಾನಗಳನ್ನೂ ಆಟದ ಕಾರುಗಳನ್ನೂ ಹವ್ಯಾಸಕ್ಕಾಗಿ ಓಡಿಸುವವರು ಇವುಗಳನ್ನು ಬಹುಕಾಲದಿಂದ ಬಳಸುತ್ತಿದ್ದರು. ಹವ್ಯಾಸಿಗಳಿಗಾಗಿ ಮಾಡಿದ ಪೆಟ್ಟಿಗೆಯು ಅಗ್ಗವಾಗಿರಬೇಕು, ಹಗುರವಾಗಿರಬೇಕು. ಐದು ಹತ್ತು ನಿಮಿಷ ಹಾರಿದರೆ ಅದರ ಕೆಲಸ ಮುಗಿಯಿತು. ಅದು ಕೆಟ್ಟರೆ ಅರ್ಧ ಕಿಲೋಗ್ರಾಮಿನ ಆಟದ ವಿಮಾನವೊಂದು ಹುಲ್ಲಿನ ಮೇಲೆ ಬೀಳುವುದಷ್ಟೆ. ಔಷಧದ ಡ್ರೋನಾದರೋ ಸುಗ್ಗಿಯ ಹಂಗಾಮಿನಲ್ಲಿ ದಿನವೆಲ್ಲ ಏರಿ ಇಳಿಯುತ್ತಿರುವುದು. ಅದರ ಕೆಳಗೆ ನಿಂತ ಬೆಳೆಯಿರುವುದು, ಹೊಲದ ಅಂಚಿನಲ್ಲಿ ಔಷಧ ಕಲಸುವ ಆಳುಗಳಿರುವರು. ಹೀಗಿದ್ದಾಗ್ಯೂ ತೋಳೊಂದು ಕೆಟ್ಟು ಮೂಲ ತಯಾರಕರ ಬಿಡಿಭಾಗವು ಬರುವುದು ತಡವಾದರೆ, ಪೇಟೆಯಲ್ಲಿ ಸಿಕ್ಕುವ ಹವ್ಯಾಸದ ಪೆಟ್ಟಿಗೆಯನ್ನೇ ಜೋಡಿಸಿ ಕೆಲಸ ಸಾಗಿಸಲು ಕೆಲವರು ಮುಂದಾಗುವರು. ಪೇಟೆಯ ಪೆಟ್ಟಿಗೆಗಳೆಲ್ಲವೂ ಕೆಟ್ಟವೆಂದು ಹೇಳುವುದು ನ್ಯಾಯವಲ್ಲ. ಅವುಗಳಲ್ಲಿ ಯಾವುದು ಒಳ್ಳೆಯದು ಯಾವುದು ದೋಷವುಳ್ಳದ್ದು ಎಂಬುದು ಹೊರಗಿನ ನೋಟಕ್ಕೆ ತಿಳಿಯದೆಂಬುದೇ ಇಲ್ಲಿರುವ ತೊಡಕು.

ದೋಷಗಳು ಎಲ್ಲಿ ಹುಟ್ಟುತ್ತವೆಂಬುದನ್ನು ತಿಳಿದರೆ ಪರೀಕ್ಷೆಯು ಸುಲಭವಾಗುವುದು. ಪಂಪಿನಿಂದ ದೂರದ ತೋಟಕ್ಕೆ ಪೈಪಿನಲ್ಲಿ ನೀರು ಹಾಯಿಸುವವರು ವಾಲ್ವನ್ನು ಥಟ್ಟನೆ ಮುಚ್ಚಿದರೆ ಏನಾಗುವುದೆಂಬುದನ್ನು ಬಲ್ಲರು. ಹರಿಯುತ್ತಿದ್ದ ನೀರು ಹಠಾತ್ತಾಗಿ ತಡೆಯಲ್ಪಟ್ಟು ಪೈಪನ್ನೇ ಗುದ್ದುವುದು. ಪೈಪು ಉದ್ದವಾದಷ್ಟೂ ಗುದ್ದು ಜೋರಾಗಿರುವುದು. ವಿದ್ಯುತ್ತಿನ ತಂತಿಗಳಲ್ಲಿಯೂ ಅದೇ ರೀತಿ. ಮಾಸ್ಫೆಟ್ಟು ಮುಚ್ಚಿಕೊಂಡಾಗಲೆಲ್ಲ ತಂತಿಯಲ್ಲಿ ವೋಲ್ಟೇಜು ಒಂದು ಕ್ಷಣ ಮೇಲಕ್ಕೆ ನೆಗೆಯುವುದು. ಈ ನೆಗೆತವನ್ನು ನುಂಗಿಕೊಳ್ಳುವುದಕ್ಕಾಗಿ ಪೆಟ್ಟಿಗೆಯ ಬಾಯಲ್ಲಿ ಕೆಪಾಸಿಟರುಗಳೆಂಬ ಚಿಕ್ಕ ಡಬ್ಬಿಯಾಕಾರದ ಭಾಗಗಳನ್ನು ಇಟ್ಟಿರುತ್ತಾರೆ. ಔಷಧದ ಡ್ರೋನುಗಳಲ್ಲಿ ಸಾಮಾನ್ಯವಾಗಿರುವ ಹನ್ನೆರಡು ಕೋಶಗಳ ಬ್ಯಾಟರಿಗೆ 44.4 ವೋಲ್ಟ್ ಎಂದು ಹೆಸರಿದ್ದರೂ, ಪೂರ್ತಿ ಚಾರ್ಜಾದಾಗ ಕೋಶಕ್ಕೆ 4.2 ವೋಲ್ಟಿನಂತೆ ಅದು 50.4 ವೋಲ್ಟ್ ಆಗುವುದು. ಇಂತಹ ಯಂತ್ರದಲ್ಲಿ 50 ವೋಲ್ಟ್ ಎಂದು ಬರೆದಿರುವ ಕೆಪಾಸಿಟರು ಕಂಡುಬಂದರೆ ಅದು ಮೊದಲ ದಿನದಿಂದಲೇ ತನ್ನ ಶಕ್ತಿಗೆ ಮೀರಿ ದುಡಿಯುತ್ತಿದೆಯೆಂದು ತಿಳಿಯತಕ್ಕದ್ದು. 63 ವೋಲ್ಟಿನದಾದರೂ ಇರಬೇಕು. ಮಾಸ್ಫೆಟ್ಟುಗಳೂ ಹಾಗೆಯೇ: 60 ವೋಲ್ಟಿನವಾದರೆ ನೆಗೆತಕ್ಕೆ ಉಳಿಯುವ ಅವಕಾಶವು ಹತ್ತು ವೋಲ್ಟಿಗೂ ಕಡಿಮೆ. ವಿವೇಕವುಳ್ಳ ತಯಾರಕರು 80 ಅಥವಾ 100 ವೋಲ್ಟಿನವುಗಳನ್ನು ಬಳಸುವರು. ರಿಪೇರಿಯಲ್ಲಿ ಬ್ಯಾಟರಿಯ ತಂತಿಯನ್ನು ಅಂಟುಸೇರಿಸಿ ಉದ್ದಮಾಡುವ ಪದ್ಧತಿಯು ಈ ಕಾರಣದಿಂದಲೇ ಕೆಟ್ಟದ್ದು.

ಕೆಪಾಸಿಟರಿನೊಳಗೆ ಒಂದು ದ್ರವವಿರುತ್ತದೆ. ಅದು ಶಾಖದಿಂದ ಬರಬರುತ್ತ ಒಣಗುವುದು. ಶಾಖವು 10 ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದೆಂದು ಲೆಕ್ಕ. ದ್ರವವೇ ಕೀಳಾದುದಾದರೆ ಆಯುಸ್ಸಿನ ಲೆಕ್ಕವೇ ಬೇಡ. ಸುಮಾರು 1999ರಿಂದ 2007ರವರೆಗೆ ಇಂತಹ ಕೀಳು ದ್ರವದ ಕೆಪಾಸಿಟರುಗಳು ಪ್ರಪಂಚದ ಕಂಪ್ಯೂಟರುಗಳಲ್ಲಿ ಸೇರಿಹೋಗಿ, ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಉಬ್ಬಿ ಒಡೆದುವು. ಅವುಗಳನ್ನು ಕೊಂಡಿದ್ದವರಲ್ಲಿ ಹೆಸರುವಾಸಿಯಾದ ತಯಾರಕರೂ ಇದ್ದರು. ಒಳ್ಳೆಯ ಹೆಸರಿನ ಪೆಟ್ಟಿಗೆಯೊಳಗೆ ಕೆಟ್ಟ ಭಾಗವು ಸೇರಲಾರದೆಂಬ ಭರವಸೆಗೆ ಆಧಾರವಿಲ್ಲ.

ಇನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಆಂಪಿಯರಿನ ಸಂಖ್ಯೆ. 80 ಆಂಪಿಯರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ, ಅದು ದಿನವೆಲ್ಲ ತಾಳುವ ಪ್ರಮಾಣವೋ ಕೆಲವೇ ಸೆಕೆಂಡು ತಾಳುವ ಪ್ರಮಾಣವೋ ಎಂಬುದನ್ನು ಕೇಳಿ ತಿಳಿಯಬೇಕು. ಕೆಸರಿನಲ್ಲಿ ಹೂತ ಗಾಡಿಯನ್ನು ಒಂದು ಸಲ ಎಳೆದು ಹಾಕುವ ಎತ್ತು ಅದೇ ಬಲದಿಂದ ಬೆಳಗಿನಿಂದ ಸಂಜೆಯವರೆಗೆ ಉಳಲಾರದು. ಮಾಸ್ಫೆಟ್ಟಿನಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗದಂತೆ ಏರುವುದು: ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟು. 2 ಮಿಲಿಓಮ್ ಪ್ರತಿರೋಧದ ಒಳ್ಳೆಯ ಮಾಸ್ಫೆಟ್ಟಿನಲ್ಲಿ 30 ಆಂಪಿಯರ್ ಹರಿದರೆ 1.8 ವಾಟ್ ಶಾಖವು ಹುಟ್ಟುವುದು. ಹಳೆಯ ಗುಜರಿ ಹಲಗೆಗಳಿಂದ ಕಿತ್ತು, ತೊಳೆದು, ಮೇಲಿನ ಬರಹವನ್ನು ಉಜ್ಜಿ ಅಳಿಸಿ, ಉತ್ತಮ ಜಾತಿಯ ಸಂಖ್ಯೆಯನ್ನು ಮುದ್ರಿಸಿ ಮಾರುವ ಖೋಟಾ ಮಾಲು ಪ್ರಪಂಚದ ಪೇಟೆಗಳಲ್ಲಿ ಉಂಟು. ಅಂತಹುದರ ಪ್ರತಿರೋಧವು 5 ಮಿಲಿಓಮ್ ಇದ್ದರೆ ಅದೇ ಪ್ರವಾಹದಲ್ಲಿ 4.5 ವಾಟ್ ಶಾಖವಾಗುವುದು. ಕಾದಂತೆ ಪ್ರತಿರೋಧವು ಇನ್ನೂ ಏರುವುದರಿಂದ ಶಾಖವು ಶಾಖವನ್ನೇ ಬೆಳೆಸುವುದು. ಬೇಸಗೆಯ ಮಧ್ಯಾಹ್ನದಲ್ಲಿ, ತುಂಬಿದ ತೊಟ್ಟಿಯೊಡನೆ ಮೇಲೇರುವಾಗ, ಇಂತಹ ಪೆಟ್ಟಿಗೆಯು ಮೊದಲು ಸೋಲುವುದು.

ಬೆಸುಗೆಯ ದೋಷವು ಇವೆಲ್ಲಕ್ಕಿಂತ ಹೆಚ್ಚು ಮೋಸಗಾರನು. ಸರಿಯಾಗಿ ಕರಗದೆ ಅಂಟಿಕೊಂಡ ಬೆಸುಗೆಯು ತಣ್ಣಗಿದ್ದಾಗ ವಿದ್ಯುತ್ತನ್ನು ಸಾಗಿಸುವುದು. ಕಾದು ಹಿಗ್ಗಿದಾಗಲೋ ಅದುರಿದಾಗಲೋ ಬಿಟ್ಟುಕೊಳ್ಳುವುದು. ಅಂಗಡಿಯ ಮೇಜಿನ ಮೇಲೆ ಮೋಟಾರು ಚೆನ್ನಾಗಿ ತಿರುಗಿ, ಹೊಲದಲ್ಲಿ ಎಂಟನೆಯ ನಿಮಿಷದಲ್ಲಿ ನಿಂತುಹೋಗುವುದು ಈ ಬಗೆಯಿಂದ. ಔಷಧದ ತುಂತುರು ಇದಕ್ಕೆ ಸಹಾಯ ಮಾಡುವುದು. ಮಲೆನಾಡಿನ ಅಡಕೆಯ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಂತಹ ತಾಮ್ರದ ಔಷಧಗಳು ಅಲ್ಯೂಮಿನಿಯಮನ್ನು ತಿನ್ನುವುವು. ತೇವದೊಡನೆ ಸೇರಿ ತಂತಿಯಿಂದ ತಂತಿಗೆ ದಾರಿಯನ್ನೂ ಮಾಡುವುವು. ಆದ್ದರಿಂದ ಬೇಸಾಯದ ಪೆಟ್ಟಿಗೆಗಳನ್ನು ಅರಗಿನಂತಹ ಪದಾರ್ಥದಿಂದ ತುಂಬಿ ಮುಚ್ಚಿರುತ್ತಾರೆ. ಹವ್ಯಾಸದ ಪೆಟ್ಟಿಗೆಗೆ ಅನೇಕ ವೇಳೆ ತೆಳುವಾದ ಪ್ಲಾಸ್ಟಿಕ್ ಹೊದಿಕೆಯೊಂದೇ ರಕ್ಷೆ.

ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿಯೇ ಕಳುಹಿಸುವರಲ್ಲವೆ ಎಂದು ಕೇಳಬಹುದು. ಪರೀಕ್ಷೆಯೇನೋ ಉಂಟು, ಅದು ಯಾವ ಬಗೆಯದೆಂಬುದನ್ನು ನೋಡಬೇಕು. ಒಳ್ಳೆಯ ಕಾರ್ಖಾನೆಯಲ್ಲಿ ಬಂದ ಬಿಡಿಭಾಗಗಳನ್ನು ಮೊದಲೇ ಅಳೆಯುವರು, ಬೆಸುಗೆಯನ್ನು ಕ್ಯಾಮರಾಗಳಿಂದ ನೋಡುವರು, ಪ್ರತಿಯೊಂದು ಪೆಟ್ಟಿಗೆಯನ್ನೂ ನಿಜವಾದ ಭಾರದ ಕೆಳಗೆ ಕಾಯುವಷ್ಟು ಹೊತ್ತು ಓಡಿಸುವರು. ಅಗ್ಗದ ಮಾಲಿನಲ್ಲಿ ಭಾರವಿಲ್ಲದ ಚಿಕ್ಕ ಮೋಟಾರನ್ನು ಕೆಲವು ಸೆಕೆಂಡು ತಿರುಗಿಸಿ ನೋಡುವುದರಲ್ಲಿಯೇ ಪರೀಕ್ಷೆ ಮುಗಿಯಬಹುದು, ಅಥವಾ ರಾಶಿಯಿಂದ ಕೆಲವನ್ನು ಮಾತ್ರ ಆರಿಸಿ ನೋಡಬಹುದು. ನೂರು ಪೆಟ್ಟಿಗೆಗಳಲ್ಲಿ ಎರಡು ದೋಷವುಳ್ಳವು ಎಂದಿಟ್ಟುಕೊಂಡರೆ, ದೊಡ್ಡ ರಾಶಿಯಿಂದ ಹತ್ತನ್ನು ಆರಿಸಿ ಪರೀಕ್ಷಿಸಿದಾಗ ಒಂದು ದೋಷವೂ ಕಾಣದೆ ಹೋಗುವ ಸಂಭವವು ನೂರಕ್ಕೆ ಸುಮಾರು 82. ರಾಶಿಯು ತೇರ್ಗಡೆಯಾಗುವುದು. ಅದೇ ರಾಶಿಯಿಂದ ಆರು ಪೆಟ್ಟಿಗೆಗಳನ್ನು ತೆಗೆದು ಡ್ರೋನುಗಳನ್ನು ಕಟ್ಟಿದರೆ, ನೂರು ಡ್ರೋನುಗಳಲ್ಲಿ ಸುಮಾರು ಹನ್ನೊಂದರಲ್ಲಿ ಒಂದಾದರೂ ಕೆಟ್ಟ ಪೆಟ್ಟಿಗೆಯಿರುವುದು.

ಬೀಜದ ಮೊಳಕೆಯ ಪರೀಕ್ಷೆಯನ್ನು ಬಲ್ಲವರಿಗೆ ನೂರಕ್ಕೆ ಎರಡು ಎಂಬುದು ಅಲ್ಪವಾಗಿ ಕಾಣುವುದು ಸಹಜ. ಪ್ರಮಾಣಿತ ಬತ್ತದ ಬೀಜದಲ್ಲಿ ನೂರಕ್ಕೆ 80 ಮೊಳೆತರೆ ಸಾಕೆಂದು ಒಪ್ಪಿರುತ್ತಾರೆ. ಗದ್ದೆಯಲ್ಲಿ ಒಂದು ಕಾಳು ಹುಟ್ಟದಿದ್ದರೆ ನೆರೆಯ ಪೈರು ತೆಂಡೆಯೊಡೆದು ಆ ಜಾಗವನ್ನು ತುಂಬುವುದು. ಡ್ರೋನಿನ ತೋಳುಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ಹಾಗೆ ತುಂಬಲಾರದು. ನಾಲ್ಕು ತೋಳಿನದಾದರೆ ಒಂದು ನಿಂತೊಡನೆ ಮಗುಚಿಕೊಳ್ಳುವುದು. ಆರು ತೋಳಿನದು ಹಗುರವಾಗಿದ್ದರೆ ಕುಂಟುತ್ತ ಇಳಿಯಬಹುದಾದರೂ, ತೊಟ್ಟಿ ತುಂಬಿದ್ದಾಗ ಆ ಆಸೆಯನ್ನು ಇಟ್ಟುಕೊಳ್ಳಲಾಗದು.

ದೋಷವುಳ್ಳ ವಿದ್ಯುತ್ ಭಾಗಗಳಲ್ಲಿ ಹೆಚ್ಚಿನವು ಎಳೆಯ ವಯಸ್ಸಿನಲ್ಲಿಯೇ ಕೆಡುವುವು. ಮೊದಲ ಕೆಲವು ಗಂಟೆಗಳನ್ನು ದಾಟಿದವು ಬಹುಕಾಲ ಬಾಳುವುವು. ಕಡೆಗೆ ಮುಪ್ಪಿನಿಂದ ಪುನಃ ಕೆಡತೊಡಗುವುವು. ಕೊಂಡವರು ಈ ಸ್ವಭಾವವನ್ನು ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಹೊಸ ಯಂತ್ರದ ಅಥವಾ ಹೊಸ ತೋಳಿನ ಮೊದಲ ಹಾರಾಟಗಳನ್ನು ಬೆಳೆಯ ಮೇಲೆ ಮಾಡದೆ, ಔಷಧವನ್ನು ಮುಟ್ಟದೆ, ಬರಿಯ ನೀರು ತುಂಬಿ ಬೀಳುಭೂಮಿಯ ಮೇಲೆ ಮಾಡತಕ್ಕದ್ದು. ಹಾರಿಸುವವರು ನಿಯಮದಂತೆ ಪೈಲಟ್ ಸರ್ಟಿಫಿಕೇಟನ್ನು ಪಡೆದಿರತಕ್ಕದ್ದು. ನೋಡುವ ಹುಡುಗರನ್ನೂ ದನಗಳನ್ನೂ ದೂರ ಕಳುಹಿಸತಕ್ಕದ್ದು.

ಅದಕ್ಕೂ ಮೊದಲು ನೆಲದ ಮೇಲೆಯೇ ಮಾಡಬಹುದಾದ ಪರೀಕ್ಷೆಗಳುಂಟು. ಬ್ಯಾಟರಿಯನ್ನು ತೆಗೆದಿಟ್ಟು ಒಂದೊಂದು ಮೋಟಾರನ್ನೂ ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಬೇಕು. ಆರರಲ್ಲಿ ಐದು ಒಂದೇ ಬಗೆಯಾಗಿ ತಿರುಗಿ, ಒಂದು ಮಾತ್ರ ಕೈಯನ್ನು ಹಿಡಿದೆಳೆಯುವಂತೆ ಭಾರವಾಗಿ ತಿರುಗಿದರೆ, ಆ ತೋಳಿನ ಪೆಟ್ಟಿಗೆಯೊಳಗೆ ಮಾಸ್ಫೆಟ್ಟು ಸುಟ್ಟು ಒಂದಾಗಿರುವ ಸಂಶಯವುಂಟು. ಮಾಸ್ಫೆಟ್ಟು ಕೆಟ್ಟಾಗ ಬಹುಮಟ್ಟಿಗೆ ತೆರೆದ ತೂಬಿನಂತೆ ಉಳಿಯುವುದರಿಂದ ಮೋಟಾರಿಗೆ ಅದು ಬ್ರೇಕಾಗಿ ಪರಿಣಮಿಸುವುದು. ಖರ್ಚಿಲ್ಲದ ಈ ಪರೀಕ್ಷೆಯನ್ನು ಪ್ರತಿದಿನ ಬೆಳಗ್ಗೆ ಮಾಡಿದರೂ ತಪ್ಪಿಲ್ಲ. ಮೋಟಾರಿನ ಮೂರು ತಂತಿಗಳನ್ನು ಬಿಡಿಸಲು ಬರುವ ಪೆಟ್ಟಿಗೆಯಾದರೆ, ಅವುಗಳನ್ನು ಬಿಡಿಸಿ, ಮಲ್ಟಿಮೀಟರನ್ನು ಡಯೋಡ್ ಗುರುತಿನಲ್ಲಿಟ್ಟು, ಮೂರು ತಂತಿಗಳನ್ನೂ ಒಂದೊಂದಾಗಿ ಬ್ಯಾಟರಿಯ ಕೆಂಪು ತಂತಿಗೂ ಕಪ್ಪು ತಂತಿಗೂ ಹಿಡಿದು ಅಳೆಯಬೇಕು. ಮೂರರ ಅಳತೆಯೂ ಒಂದೇ ಇರಬೇಕು. ಒಂದರಲ್ಲಿ ಸೊನ್ನೆ ತೋರಿ ಮೀಟರು ಕೂಗಿದರೆ ಆ ಪೆಟ್ಟಿಗೆಗೆ ಬ್ಯಾಟರಿಯನ್ನು ಸೇರಿಸಲೇಕೂಡದು.

ಇದರಲ್ಲಿ ತೇರ್ಗಡೆಯಾದ ಮೇಲೆ ರೆಕ್ಕೆಗಳನ್ನೆಲ್ಲ ಕಳಚಿ ಬ್ಯಾಟರಿಯನ್ನು ಸೇರಿಸಿ ಮೋಟಾರುಗಳನ್ನು ಒಂದೊಂದಾಗಿ ಓಡಿಸಬೇಕು. ರೆಕ್ಕೆಗಳಿರುವಾಗ ಈ ಕೆಲಸವನ್ನು ಮಾಡಿದರೆ ಕೈಬೆರಳುಗಳು ಉಳಿಯಲಾರವು. ಒಳ್ಳೆಯ ಮೋಟಾರು ನಯವಾಗಿ ಹೊರಡುವುದು. ಹೊರಡುವಾಗ ಹಿಂದೆಮುಂದೆ ತಡವರಿಸುವುದು, ವೇಗವನ್ನು ಏರಿಸಿದಾಗ ಕಿರುಚಿ ತಪ್ಪಿಬೀಳುವುದು, ಇವು ಪೆಟ್ಟಿಗೆಯು ಮೋಟಾರಿನ ಸರದಿಯನ್ನು ಕಳೆದುಕೊಳ್ಳುತ್ತಿರುವ ಲಕ್ಷಣಗಳು.

ಬಳಿಕ ನೀರಿನೊಡನೆ ಹಾರಾಟ. ಮೊದಲು ಅರ್ಧ ತೊಟ್ಟಿ, ಆಮೇಲೆ ಪೂರ್ತಿ ತೊಟ್ಟಿ. ತಲೆಯೆತ್ತರಕ್ಕೆ ಸ್ವಲ್ಪ ಮೇಲೆ ಒಂದೇ ಕಡೆ ನಿಲ್ಲಿಸಿ, ಬ್ಯಾಟರಿಯು ಮುಗಿಯುವುದಕ್ಕೆ ಸಾಕಷ್ಟು ಮುಂಚೆಯೇ ಇಳಿಸಿ, ಇಳಿದೊಡನೆ ಬ್ಯಾಟರಿಯನ್ನು ತೆಗೆದು, ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಆರು ಪೆಟ್ಟಿಗೆಗಳ ಶಾಖವನ್ನೂ ನೋಡಿ ಬರೆದಿಡಬೇಕು. ಹೊಳೆಯುವ ಲೋಹದ ಮೇಲೆ ಈ ಥರ್ಮಾಮೀಟರು ಸುಳ್ಳು ಹೇಳುವುದು. ಪ್ರತಿಯೊಂದರ ಮೇಲೂ ಒಂದು ಚೂರು ಕಪ್ಪು ಟೇಪನ್ನು ಅಂಟಿಸಿ ಅಲ್ಲಿಯೇ ಅಳೆದರೆ ಸರಿಯಾದ ಲೆಕ್ಕ ಬರುವುದು. ಶಾಖವು ಇಷ್ಟೇ ಡಿಗ್ರಿ ಇರಬೇಕೆಂಬುದಕ್ಕಿಂತ ಎಡಗಡೆಯ ತೋಳನ್ನು ಅದರ ಎದುರಿನ ಬಲಗಡೆಯ ತೋಳಿನೊಡನೆ ಹೋಲಿಸುವುದೇ ಉಪಯುಕ್ತ. ಗಾಳಿಯಿಲ್ಲದ ದಿನ ಜೋಡಿಯಲ್ಲಿ ಒಂದು ಮಾತ್ರ ಎದ್ದು ಕಾಣುವಷ್ಟು ಬಿಸಿಯಾದರೆ ಮೊದಲು ರೆಕ್ಕೆಯು ಬಿರುಕುಬಿಟ್ಟಿದೆಯೇ, ಮೋಟಾರಿನ ಬೇರಿಂಗು ಸವೆದಿದೆಯೇ ಎಂದು ನೋಡಿ, ಅವೆರಡೂ ಸರಿಯಾಗಿದ್ದರೆ ಪೆಟ್ಟಿಗೆಯನ್ನೇ ಸಂಶಯಿಸತಕ್ಕದ್ದು. ಹೀಗೆ ಹತ್ತು ಹಾರಾಟಗಳು ಕಳೆದ ಮೇಲೆ ಔಷಧವನ್ನು ತುಂಬಬಹುದು. ಹತ್ತು ತೊಟ್ಟಿ ನೀರು ಚೆಲ್ಲುವುದೂ ಅಷ್ಟು ಬ್ಯಾಟರಿ ಖರ್ಚಾಗುವುದೂ ದಂಡವೆಂದು ತೋರಬಹುದು. ತೋಟದ ನಡುವೆ ಹತ್ತು ಲೀಟರು ಕಲಸಿದ ಕೀಟನಾಶಕವು ಒಂದೇ ಕಡೆ ಒಡೆದು ಬಾವಿಯ ಕಡೆಗೆ ಹರಿಯುವುದಕ್ಕೆ ಹೋಲಿಸಿದರೆ ಅದು ಅಲ್ಪವಾದದ್ದು.

ತೋಳನ್ನು ಬದಲಾಯಿಸಬೇಕಾದರೆ ಮೊದಲಿದ್ದ ಜಾತಿಯದನ್ನೇ ಹಾಕಿಸತಕ್ಕದ್ದು. ಪೆಟ್ಟಿಗೆಯೊಳಗಿನ ಫರ್ಮ್‌ವೇರ್ ಎಂಬ ಆಜ್ಞಾಪಟ್ಟಿಯು ಉಳಿದ ಐದರದಕ್ಕಿಂತ ಬೇರೆಯಾಗಿದ್ದರೆ ಒಂದು ಮೋಟಾರು ಆಜ್ಞೆಗೆ ಬೇಗನೆಯೂ ಉಳಿದವು ನಿಧಾನವಾಗಿಯೂ ಓಗೊಡುವುವು. ಇದಲ್ಲದೆ, ಡ್ರೋನಿಗೆ ಕೊಡುವ ಟೈಪ್ ಸರ್ಟಿಫಿಕೇಟು ಪರೀಕ್ಷೆಗೆ ಬಂದ ನಮೂನೆಗೆ ಸಂಬಂಧಿಸಿದ್ದು. ಪೇಟೆಯ ಪೆಟ್ಟಿಗೆಯನ್ನು ಸೇರಿಸಿದ ಯಂತ್ರವು ಪರೀಕ್ಷೆಗೆ ಬಂದ ಯಂತ್ರವಾಗಿ ಉಳಿಯುವುದಿಲ್ಲ. ಸಂಘದ ಅಥವಾ ಗ್ರಾಮದ ಹಣದಿಂದ ಯಂತ್ರವನ್ನು ಕೊಳ್ಳುವ ಮುಖಂಡರು ಹಣವನ್ನು ಪೂರ್ತಿ ಸಂದಾಯ ಮಾಡುವುದಕ್ಕೆ ಮೊದಲು ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು: ಪೆಟ್ಟಿಗೆಯು ನಿರಂತರವಾಗಿ ತಾಳುವ ಆಂಪಿಯರ್ ಎಷ್ಟು, ಕೊಟ್ಟಿರುವ ಆರನ್ನೂ ಭಾರದ ಕೆಳಗೆ ಓಡಿಸಿ ನೋಡಲಾಗಿದೆಯೇ, ಒಂದು ಕೆಟ್ಟರೆ ಬದಲಿಯು ಎಷ್ಟು ದಿನಗಳಲ್ಲಿ ಬರುವುದು. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ಹಿಂಜರಿಯುವ ಮಾರಾಟಗಾರರಿಂದ ಕೊಳ್ಳದಿರುವುದೇ ಮೇಲು.

ಯಂತ್ರಕ್ಕೆಂದು ಒಂದು ಪುಸ್ತಕವನ್ನಿಟ್ಟು, ತೋಳುಗಳಿಗೆ ಒಂದರಿಂದ ಆರರವರೆಗೆ ಸಂಖ್ಯೆ ಬರೆದು, ಪ್ರತಿ ಹಂಗಾಮಿನ ಆರಂಭದಲ್ಲಿ ಶಾಖದ ಲೆಕ್ಕವನ್ನು ಹಿಂದಿನದರ ಪಕ್ಕದಲ್ಲಿ ಬರೆಯತಕ್ಕದ್ದು. ಕಳೆದ ವರ್ಷ ಜೊತೆಗಾರನೊಡನೆ ಸಮವಾಗಿದ್ದ ತೋಳು ಈ ವರ್ಷ ಬಿಸಿಯಾಗಿ ಕಂಡರೆ ಅದರ ಕೆಪಾಸಿಟರು ಒಣಗುತ್ತಿರಬಹುದು. ಕಿತ್ತು ತೆಗೆದ ಪೆಟ್ಟಿಗೆಗೆ ತೋಳಿನ ಸಂಖ್ಯೆಯನ್ನೂ ತಾರೀಖನ್ನೂ ಕಂಡ ದೋಷವನ್ನೂ ಬರೆದ ಚೀಟಿಯನ್ನು ಕಟ್ಟಿ, ಒಳ್ಳೆಯ ಬಿಡಿಭಾಗಗಳಿಂದ ಬೇರೆಯಾಗಿಟ್ಟು, ಮಾರಿದವರಿಗೆ ಹಿಂದಕ್ಕೆ ಕಳುಹಿಸಬೇಕು. ಚೀಟಿಯಿಲ್ಲದೆ ಉಗ್ರಾಣದ ಗೂಡಿನಲ್ಲಿಟ್ಟ ಕೆಟ್ಟ ಪೆಟ್ಟಿಗೆಯು ಮುಂದಿನ ಹಂಗಾಮಿನ ಅವಸರದಲ್ಲಿ ಪುನಃ ಯಂತ್ರಕ್ಕೆ ಸೇರುವುದುಂಟು.